ಒದೆಯುವ ಆಟದ ಹದಿಮೂರನೆಯ ನಿಯಮ

ನೀವು ನಂಬುವುದಿಲ್ಲ. ಪಂಥ ಕಟ್ಟುತ್ತೇನೆ, ನಂಬುವುದಿಲ್ಲ! ಬೆಂಕಿಪೊಟ್ಟಣದ ಮೇಲೆ ಅಚ್ಚಾದದ್ದನ್ನೆಲ್ಲ ಓದಿ ಮುಗಿಸದೆ ಕಡ್ಡಿ ಗೀರದ ಒಬ್ಬ ಮನುಷ್ಯರು ಹೈದರಾಬಾದಿನಲ್ಲಿದ್ದಾರೆ. ಅವರು ನನಗೆ ಷಡ್ಡಕರಾಗಬೇಕು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ದನದ ಡಾಕ್ಟರೊಬ್ಬ ರುಜು ಹಾಕಿದ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು, ಅವರು ಒಂದು ಸಾಫ್ಟ್‌ವೇರ್ ಕಂಪನಿಯ ದೊಡ್ಡ ಸಾಹೇಬನನ್ನು ಮೈದಾನದ ನಡುವೆ ನಿಲ್ಲಿಸಿ ಹೇಳಿಕೆ ಕೇಳಿದರು ಅಂದರೆ ನೀವೇನು, ನನ್ನ ಹೆಂಡತಿಯೂ ಮೊದಲು ನಂಬಲಿಲ್ಲ. ಧೈರ್ಯವಿದ್ದರೆ ಕೊನೆಯ ಸಾಲಿನವರೆಗೂ ನಂಬದೆ ಕೂತು ತೋರಿಸಿ!

ಮೊದಲು ನನ್ನ ಬಗ್ಗೆ ಎರಡು ಮಾತು, ಯಾಕೆಂದರೆ ಬೇರೆ ಯಾರೂ ನನ್ನನ್ನು ಸರಿಯಾಗಿ ಹೊಗಳುವುದಿಲ್ಲ. ನಾನು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು. ಆ ನೌಕರಿಯಿಂದ ನಿವೃತ್ತನಾಗಿ ಎಷ್ಟೋ ವರ್ಷವಾಯಿತು. ಕೀಟಲೆಯ ನೌಕರಿಯಿಂದ ಮಾತ್ರ ಯಾರಿಂದಲೂ ನನ್ನನ್ನು ಬಿಡಿಸಲಾಗಿಲ್ಲ. ಸಿಕಂದರಾಬಾದಿನ ಮದುವೆ ಹಾಲೊಂದರಲ್ಲಿ ಗಂಡಿನವರ ಕೋಣೆ, ಹೆಣ್ಣಿನವರ ಕೋಣೆ ಎಂಬ ಎರಡು ಬೋರ್ಡುಗಳನ್ನು ಅದಲುಬದಲು ಮಾಡಿ, ಮದುಮಗನ ಪೇಟವನ್ನು ಹೆಣ್ಣಿನ ಸೋದರಮಾವನ ತಲೆಯ ಮೇಲೆ ಕೂರಿಸಿದ ಕಲಾವಿದ ನಾನೇ. ನಮ್ಮ ಹೆಡ್‌ಮಾಸ್ತರರ ಕುರ್ಚಿಯ ಒಂದು ಕಾಲನ್ನು ದಿನಕ್ಕೊಂದು ನೂಲಿನಷ್ಟು ಉಜ್ಜುತ್ತ ಬಂದು, ಅವರು ತಮ್ಮ ಸೊಂಟವೇ ವಾಲಿದೆ ಎಂದು ಡಾಕ್ಟರ ಹತ್ತಿರ ಹೋಗುವಂತೆ ಮಾಡಿದವನೂ ನಾನೇ. ಇಂಥ ನನ್ನ ಕೈಗೆ ದೇವರು ನಮ್ಮ ಷಡ್ಡಕರನ್ನು ಕೊಟ್ಟ. ತಪ್ಪು ಯಾರದು, ನೀವೇ ಹೇಳಿ?

ಷಡ್ಡಕರು ಸರ್ಕಾರಿ ಕಚೇರಿಯೊಂದರಲ್ಲಿ ನಿಯಮಾವಳಿ ಬರೆಯುವ ವಿಭಾಗದಲ್ಲಿದ್ದರು. ಯಾವ ಗುಮಾಸ್ತ ಯಾವ ದಿನ ರಜೆ ಹಾಕಬಹುದು, ಯಾವ ಕಡತಕ್ಕೆ ಯಾವ ಬಣ್ಣದ ದಾರ, ಎಲ್ಲ ಅವರ ಕೈಯಿಂದಲೇ ಹೊರಡಬೇಕು. ಇಡೀ ಜನ್ಮ ನಿಯಮ ಬರೆದ ಮನುಷ್ಯ ನಿಯಮವಿಲ್ಲದೆ ಬದುಕುವುದು ಹೇಗೆ? ಅವರ ಮದುವೆ ನಿಶ್ಚಯಕ್ಕೆ ನಮ್ಮ ಮಾವನವರು ಹುಡುಗಿಯ ಜಾತಕದ ನಕಲು ಕಳಿಸಿದರಂತೆ. ಅದು ಹೋದ ಅಂಚೆಯಲ್ಲೇ ತಿರುಗಿ ಬಂತು. ಮೇಲೆ ಒಂದು ಸಾಲು: "ನಕಲು ದೃಢೀಕರಿಸಿಲ್ಲ." ಮಾವನವರು ಹೈಸ್ಕೂಲು ಹೆಡ್‌ಮಾಸ್ತರರ ಸಹಿ, ಸಿಕ್ಕಾ ಹಾಕಿಸಿ ಮತ್ತೆ ಕಳಿಸಬೇಕಾಯಿತು. ಗುರು, ಶನಿ, ರಾಹು, ಕೇತುಗಳೆಲ್ಲ ಸರ್ಕಾರಿ ಮೊಹರಿನ ಕೆಳಗೆ ಸಾಲಾಗಿ ಕೂತ ಮೇಲೆಯೇ ನಮ್ಮ ಅತ್ತಿಗೆಗೆ ತಾಳಿ ಬಿದ್ದದ್ದು!

ಅತ್ತಿಗೆ ಕುಕ್ಕರಿನಲ್ಲಿ ಬೇಳೆ ಇಟ್ಟರೆ ಇವರು ಕುಕ್ಕರಿನ ಜೊತೆ ಬಂದ ಪುಸ್ತಕ ಹಿಡಿದು ಒಲೆಯ ಮುಂದೆ ಹಾಜರು.

"ಮೂರ್ ಸೀಟಿ ಆದ್ವು, ಇಳಸ್ಲೇನ್ರಿ?" ಎನ್ನುತ್ತಾರೆ ಅತ್ತಿಗೆ.

"ಸೀಟಿ ಅಂತ ಪುಸ್ತಕದಾಗ ಎಲ್ಲೂ ಬರದಿಲ್ಲ. ನಿಮಿಷ ಅಂತ ಬರದಾರ. ನೀ ಸೀಟಿ ಎಣಸಾಕತ್ತೀದಿ, ಕಂಪನಿಯವ್ರು ನಿಮಿಷ ಎಣಸಾಕತ್ತಾರ. ಯಾರ್ ಮಾತ್ ಕೇಳೂಣು?"

"ಹಸದವ್ರ ಮಾತ್ ಕೇಳ್ರಿ!" ಎಂದು ಅತ್ತಿಗೆ ಗ್ಯಾಸು ಆರಿಸುತ್ತಿದ್ದರು.

ಒಮ್ಮೆ ನಾವೆಲ್ಲ ಸಿಕಂದರಾಬಾದಿಗೆ ಊಟಕ್ಕೆ ಹೊರಟಿದ್ದೆವು. ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ, ಇಳಿಯುವವರಿಗೆ ಮೊದಲು ದಾರಿ ಬಿಡಿ ಎಂದು ಬರೆದಿತ್ತು. ಷಡ್ಡಕರು ಬಾಗಿಲ ಪಕ್ಕ ನಿಂತು ದಾರಿ ಬಿಟ್ಟರು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು, ನಾವೂ ಹತ್ತಿದೆವು, ರೈಲೂ ಹೊರಟಿತು. ಇವರು ಇನ್ನೂ ಯಾರಾದರೂ ಇಳಿಯುವವರಿದ್ದಾರೇನೋ ಎಂದು ನೋಡುತ್ತಲೇ ಇದ್ದರು! ಸಂಜೆ ನಾವು ಮನೆಗೆ ಬಂದಾಗ ಗಂಜಿ ಕುಡಿದು ಸಮಾಧಾನವಾಗಿ ಕೂತಿದ್ದರು. "ನಿಯಮ ಪಾಲಸಿದ್ನಲ್ಲ, ಊಟದ್ದೇನ್ ಬಿಡ್ರಿ," ಎಂದರು.

ಇಷ್ಟೆಲ್ಲ ಆದರೂ ನಿವೃತ್ತಿಯಾದ ಮೇಲೆ ಅವರ ನಿಯಮಗಳಿಗೆ ಗಿರಾಕಿ ಇರಲಿಲ್ಲ. ಅಪಾರ್ಟ್‌ಮೆಂಟಿನ ಸಂಘದವರು, ಗಣಪತಿ ಕಳಿಸುವ ದಿನ "ಕೋರಂ ಇಲ್ಲ, ಮುಂದೂಡ್ರಿ" ಎಂದ ಕಾರಣಕ್ಕೆ ಇವರನ್ನು ಮೀಟಿಂಗಿಗೆ ಕರೆಯುವುದನ್ನೇ ಬಿಟ್ಟರು. ಆ ಕಾಲಕ್ಕೆ ಮಾದಾಪುರದ ಕಡೆ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ನಿನ್ನೆ ಕುರಿ ಮೇಯುತ್ತಿದ್ದ ಗುಡ್ಡದಲ್ಲಿ ಇವತ್ತು ಕೊರಳಿಗೆ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರು. ಷಡ್ಡಕರ ಒಬ್ಬಳೇ ಮಗಳಿಗೂ ಅಲ್ಲೊಂದು ಕಂಪನಿಯಲ್ಲಿ ನೌಕರಿ ಸಿಕ್ಕಿತು. ಅವಳು ಎಷ್ಟು ಹೊತ್ತಿಗೆ ಹೋಗುತ್ತಾಳೆ, ಎಷ್ಟು ಹೊತ್ತಿಗೆ ಬರುತ್ತಾಳೆ ಎಂಬುದಕ್ಕೂ ನಿಯಮವಿರಲಿಲ್ಲ. ಅಪ್ಪನಿಗೆ ಆ ಲೋಕವೇ ಅರ್ಥವಾಗಲಿಲ್ಲ. ಮಗಳಿಗೆ ಅಪ್ಪನನ್ನು ಆ ಲೋಕದ ಹತ್ತಿರ ಕರೆದೊಯ್ಯುವ ಧೈರ್ಯವೂ ಇರಲಿಲ್ಲ.

ಹೀಗಿರುವಾಗ ಒಂದು ಭಾನುವಾರ, ನಾನೂ ಅಲ್ಲೇ ಚಹಾ ಕುಡಿಯುತ್ತಿದ್ದಾಗ, ಆ ಹುಡುಗಿ ಅಪ್ಪನ ಎದುರು ಬಂದು ಕೂತಳು.

"ಅಪ್ಪಾ, ನಮ್ಮ ಕಂಪನ್ಯಾಗ ಫ್ಯಾಮಿಲಿ ಡೇ ಐತಿ. ಅಮೆರಿಕದಿಂದ ಗೆಸ್ಟ್ ಬರಾಕತ್ತಾರ. ಅವ್ರ ದೇಶದ ಆಟ ಅಂತ, ಕಿಕ್‌ಬಾಲ್, ಅದನ್ನ ಇಟ್ಟಾರ. ಅಂಪೈರ್ ಯಾರೂ ಇಲ್ಲ. ಆ ಟೀಮಿನವ್ರು ಈ ಟೀಮಿನವ್ರನ್ನ ನಂಬೂದಿಲ್ಲ. ನಮ್ಮಪ್ಪಾರು ಬರ್ತಾರ ಅಂತ ಹೇಳೇನಿ. ರೂಲ್ಸ್ ಅಂದ್ರ ನಮ್ಮಪ್ಪಾರ ಮುಂದ ಯಾರೂ ಇಲ್ಲ ಅಂತನೂ ಹೇಳೇನಿ."

ಷಡ್ಡಕರು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಇಸ್ತ್ರಿ ಪೆಟ್ಟಿಗೆಯ ಸದ್ದು ಕೇಳಿತು. ಆಟ ಇನ್ನೂ ಮೂರು ವಾರ ದೂರವಿತ್ತು!

ನಿಯಮಗಳನ್ನು ತರುವ ಕೆಲಸ ನನ್ನ ಪಾಲಿಗೆ ಬಂತು. ಬಂತೇನು, ನಾನೇ ಎಳೆದುಕೊಂಡೆ. ನೆಟ್ ಸೆಂಟರಿಗೆ ಹೋಗಿ ಎರಡು ಹಾಳೆ ಅಚ್ಚು ಮಾಡಿಸಿ ತಂದೆ. ಸತ್ಯವಾಗಿ ಹೇಳುತ್ತೇನೆ, ಆ ಎರಡು ಹಾಳೆಯಲ್ಲಿ ನನ್ನದೇನೂ ಇರಲಿಲ್ಲ. ಷಡ್ಡಕರು ಅದನ್ನು ಬೆಳಕಿಗೆ ಹಿಡಿದು, ಹಿಂದೆ ತಿರುಗಿಸಿ, ನನ್ನ ಕೈಗೇ ವಾಪಸು ಕೊಟ್ಟರು.

"ಸಹಿ ಇಲ್ಲ. ಸಿಕ್ಕಾ ಇಲ್ಲ. ಇದನ್ನ ನಿಯಮ ಅಂತ ಹ್ಯಾಂಗ ಅನ್ನೂದ್ರಿ ಮಾಸ್ತರ? ನಾಳೆ ಯಾರರ ಕೇಳಿದ್ರ ಏನ್ ತೋರಸ್ಲಿ? ದೃಢೀಕೃತ ಪ್ರತಿ ತರ್ರಿ."

ನೋಡಿ, ಸತ್ಯ ತಂದುಕೊಟ್ಟರೆ ಬೇಡವೆಂದರು. ನನ್ನೊಳಗಿನ ಮಂಗ ಅಲ್ಲೇ ಕಣ್ಣು ಬಿಟ್ಟಿತು. ಮರುದಿನ ಅಬಿಡ್ಸಿಗೆ ಹೋಗಿ, ಅಂಚೆ ಕಚೇರಿಯ ಹತ್ತಿರ ಟೈಪ್‌ರೈಟರ್ ಇಟ್ಟುಕೊಂಡು ಕೂರುವ ಒಬ್ಬರ ಮುಂದೆ ಕೂತೆ. ಅವರಿಗೆ ಕಿಕ್‌ಬಾಲೂ ಒಂದೇ, ಬಾಡಿಗೆ ಕರಾರೂ ಒಂದೇ. ಕಚೇರಿಯ ಇಂಗ್ಲಿಷಿನಲ್ಲಿ ಹನ್ನೆರಡು ನಿಯಮಗಳನ್ನು ಹೊಡೆಸಿದೆ. ಹನ್ನೆರಡೂ ಅಸಲು. ಹದಿಮೂರನೆಯದು ಮಾತ್ರ ನನ್ನ ಸ್ವಂತ ಕೃತಿ. ಆಮೇಲೆ ನನ್ನ ಗೆಳೆಯನೊಬ್ಬನ ಹತ್ತಿರ ಹೋದೆ. ಅವನು ಸರ್ಕಾರಿ ದನದ ಡಾಕ್ಟರು, ಗೆಜೆಟೆಡ್ ಅಧಿಕಾರಿ. ರುಜು ಹಾಕುವ ಮುಂಚೆ ಓದುವ ಕೆಟ್ಟ ಚಟ ಅವನಿಗೆ ಇರಲಿಲ್ಲ. ಒಂದು ಎಮ್ಮೆಗೆ ಸೂಜಿ ಚುಚ್ಚಿ, ಅದೇ ಕೈಯಲ್ಲಿ 'ನಿಜಪ್ರತಿ' ಎಂದು ಮೊಹರು ಒತ್ತಿದ.

ಷಡ್ಡಕರು ಮೊಹರು ನೋಡಿದರು. ಮುಖ ಅರಳಿತು.

"ದನದ ಡಾಕ್ಟರ್ ಇದ್ದಾರಲ್ರಿ, ಅಣ್ಣಾರ? ನಡೀತೈತೇನು?" ನಾನೇ ಕೆಣಕಿದೆ.

"ಗೆಜೆಟೆಡ್ ಅಂದ್ರ ಗೆಜೆಟೆಡ್ರಿ. ಕೂಡ್ರಿ, ಓದೂಣು."

ಓದಿದೆವು. ನಿಮಗೂ ಹೇಳಿಬಿಡುತ್ತೇನೆ, ನಾಳೆ ನಿಮ್ಮ ಮಗಳು ನಿಮ್ಮನ್ನೂ ಅಂಪೈರ್ ಮಾಡಿಯಾಳು. ಲಗೋರಿ ಗೊತ್ತಲ್ಲ? ಕ್ರಿಕೆಟ್ಟೂ ಗೊತ್ತು. ಎರಡನ್ನೂ ಕಲಸಿ, ಬ್ಯಾಟು ಕಿತ್ತುಕೊಂಡು, ಕಾಲು ಕೊಟ್ಟರೆ ಕಿಕ್‌ಬಾಲು. ಕುಂಬಳಕಾಯಿಯಷ್ಟು ದೊಡ್ಡ ರಬ್ಬರ್ ಚೆಂಡು. ಬೌಲರ್ ಅದನ್ನು ಎಸೆಯುವ ಹಾಗಿಲ್ಲ, ನೆಲದ ಮೇಲೆ ಉರುಳಿಸಬೇಕು. ಆಡುವವನು ಒದೆಯಬೇಕು, ಒದ್ದ ಕೂಡಲೇ ಓಡಬೇಕು. ಮೈದಾನದಲ್ಲಿ ಚೌಕವಾಗಿ ನಾಲ್ಕು ಠಾಣೆ. ಮೂರನ್ನು ಮುಟ್ಟಿ, ಹೊರಟ ಠಾಣೆಗೇ ವಾಪಸು ಬಂದರೆ ಒಂದು ರನ್ನು.

ಇಲ್ಲಿ ಷಡ್ಡಕರು ಬೆರಳೆತ್ತಿದರು. "ಓಡಿ ಓಡಿ ಕಡೀಕ ಹೊಂಟಲ್ಲೇ ಬಂದು ನಿಲ್ಲೂದಾದ್ರ, ಓಡೂದರ ಯಾಕ್ರಿ?"

"ನೀವು ದಿನಾ ಕಚೇರಿಗೆ ಹೋಗಿ ಎಲ್ಲಿಗೆ ಬರ್ತಿದ್ರಿ, ಅಣ್ಣಾರ?"

"ಹೌದ್ರಿ," ಎಂದು ಗಂಭೀರವಾಗಿ ಗುರುತು ಹಾಕಿಕೊಂಡರು.

ಮೂರು ಸಲ ಒದೆತ ತಪ್ಪಿದರೆ ಔಟು. ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮುಂಚೆ ಹಿಡಿದರೆ ಔಟು. ಠಾಣೆ ಬಿಟ್ಟು ಓಡುವವನ ಮೈಗೆ ಚೆಂಡು ತಾಗಿಸಿದರೂ ಔಟು. ಆದರೆ ಭುಜದ ಕೆಳಗೇ ಹೊಡೆಯಬೇಕು, ತಲೆಗೆ ಹೊಡೆದರೆ ಲೆಕ್ಕಕ್ಕಿಲ್ಲ. ಬೌಲರ್ ಉರುಳಿಸಿದ ಚೆಂಡಿಗೆ ಕಾಲು ತಾಗುವವರೆಗೆ ಯಾವ ಠಾಣೆಯವನೂ ಜಾಗ ಬಿಡಬಾರದು. ಮೂವರು ಔಟಾದರೆ ಪಾಳಿ ಬದಲು. ಇಷ್ಟೇ.

ಆಮೇಲೆ ಹದಿಮೂರು ಬಂತು. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: ಯಾವ ಆಟಗಾರನನ್ನೂ ಅವನ ಹೇಳಿಕೆ ಕೇಳದೆ ಔಟ್ ಎಂದು ಘೋಷಿಸತಕ್ಕದ್ದಲ್ಲ, ಅಂಪೈರನು ಸದರಿ ಹೇಳಿಕೆಯನ್ನು ಬರೆದುಕೊಂಡು, ಓದಿ ಹೇಳಿ, ರುಜು ಪಡೆಯತಕ್ಕದ್ದು.

ಅವರು ನಗಬಹುದು, ಇಲ್ಲವೆ ನನ್ನ ಕಿವಿ ಹಿಂಡಬಹುದು ಅಂದುಕೊಂಡಿದ್ದೆ. ಅವರು ಅದನ್ನು ಮೂರು ಸಲ ಓದಿದರು. ಕನ್ನಡಕ ತೆಗೆದು ಧೋತರದ ತುದಿಯಲ್ಲಿ ಒರೆಸಿದರು.

"ಈ ಆಟ ಹುಟ್ಟಸಿದಾಂವ ಭಾಳ ದೊಡ್ಡ ಮನಷ್ಯಾ ಇರಬೇಕ್ರಿ ಮಾಸ್ತರ."

"ಯಾಕ್ರಿ?"

"ನಾ ಹೊಸದಾಗಿ ನೌಕರಿಗೆ ಸೇರಿದಾಗ ಒಂದ್ ಕಡತ ಕಳೀತು. ನಂದಲ್ಲ, ಬ್ಯಾರೇದವ್ರ ಮೇಜಿನ ಮ್ಯಾಲಿಂದು. ನನ್ನ ಕೆಳಗಿನ ಹುದ್ದೆಗೆ ಇಳಿಸಿದ್ರು. ಎರಡ್ ವರ್ಷ. ಯಾಕ, ಏನು ಅಂತ ಒಂದ್ ಮಾತ್ ಕೇಳಲಿಲ್ರಿ. ಕೇಳಿದ್ರ ಹೇಳ್ತಿದ್ನಿ. ಅವತ್ತೇ ಅಂದ್ಕೊಂಡ್ನಿ, ಎಲ್ಲಾ ನಿಯಮ ಕಲೀಬೇಕು ಅಂತ." ಕಾಗದ ಮಡಚುತ್ತ ಮೆಲ್ಲಗೆ ಸೇರಿಸಿದರು: "ಹುಡುಗಿ ಮೊದಲ್ನೇ ಸಲ ನನ್ನ ಕರಕೊಂಡ್ ಹೊಂಟಾಳ. ನನ್ನಿಂದ ಆಕಿ ತಲಿ ತಗ್ಗಬಾರದ್ರಿ. ಅಷ್ಟ ನೋಡ್ಕೋಬೇಕು."

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಒಂದೇ ಮಾತು ಸಾಕಿತ್ತು: ಅಣ್ಣಾರ, ಹದಿಮೂರು ಹೊಡೆದು ಹಾಕ್ರಿ. ಇನ್ನೂ ಎರಡು ವಾರದ ಮೇಲೆ ಟೈಮೂ ಇತ್ತು. ಪ್ರತಿ ದಿನ ಅವರು ತಾರಸಿಯ ಮೇಲೆ ನಿಂತು ಪೀಪಿ ಊದುವುದನ್ನು ಅಭ್ಯಾಸ ಮಾಡುತ್ತಿದ್ದರು. ಪ್ರತಿ ದಿನ ನಾನು ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಸುಳ್ಳು. ಅಂದುಕೊಳ್ಳುತ್ತಿರಲಿಲ್ಲ. ಮೈದಾನದಲ್ಲಿ ಏನಾಗುತ್ತದೆ ಎಂದು ನೆನೆಸಿಕೊಂಡು ಹಾಸಿಗೆಯಲ್ಲಿ ಕುಲುಕುಲು ನಗುತ್ತಿದ್ದೆ. ನನ್ನ ಹೆಂಡತಿ, "ಮತ್ತ ಯಾರ ಮನಿ ಹಾಳ್ ಮಾಡಾಕತ್ತೀರಿ?" ಎಂದು ಕೇಳಿ ಮಗ್ಗುಲಾಗುತ್ತಿದ್ದಳು. ಆ ಕ್ಷಣದಲ್ಲಿ ನನಗೆ ನನ್ನ ಜಾಣತನದ ಮೇಲೆ ಎಷ್ಟು ಪ್ರೀತಿ ಇತ್ತೆಂದರೆ, ಈಗ ನೆನೆದರೆ ಮುಖ ತೊಳೆಯಬೇಕು ಅನ್ನಿಸುತ್ತದೆ.

ಆ ದಿನ ಬಂತು. ಶಾಮಿಯಾನ, ಬಲೂನು, ದೊಡ್ಡ ತಪ್ಪಲೆಗಳಲ್ಲಿ ಬಿರಿಯಾನಿ. ಷಡ್ಡಕರು ಬಿಳಿ ಶರಟು, ಬಿಳಿ ಪ್ಯಾಂಟು, ಕೊರಳಲ್ಲಿ ಪೀಪಿ, ಕಂಕುಳಲ್ಲಿ ಉದ್ದನೆಯ ನೋಟ್‌ಬುಕ್ಕು. ಮಗಳು ಸುಣ್ಣದ ಗೆರೆಯವರೆಗೂ ಅಪ್ಪನ ಜೊತೆಗೆ ನಡೆದು ಹೋಗಿ ಬಿಟ್ಟುಬಂದಳು. ನಾನು ನೀರಿನ ಡ್ರಮ್ಮಿನ ಹಿಂದೆ, ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೂತೆ.

ಮೊದಲನೆಯವನು ದಪ್ಪನೆಯ ಹುಡುಗ. ಒದ್ದ ಚೆಂಡು ನೇರ ಮೇಲಕ್ಕೆ ಹೋಗಿ ನೇರ ಬೌಲರ್ ಕೈಗೆ ಬಿತ್ತು. ಅವನು ತಲೆ ಬಗ್ಗಿಸಿ ಹೊರಟ. ಪೀಪಿ ಕೂಗಿತು.

"ನಿಲ್ರಿ. ನಿಮ್ಮ ಹೇಳಿಕೆ?"

ಹುಡುಗ ಕಣ್ಣು ಪಿಳುಕಿಸಿದ. ಷಡ್ಡಕರು ಅವನಿಗೆ ತೆಲುಗಿನಲ್ಲಿ ಬಿಡಿಸಿ ಹೇಳಿದರು. ಬೂಟಿನ ದಾರ ಬಿಚ್ಚಿತ್ತು ಎಂದ ಹುಡುಗ. ಬರೆದುಕೊಂಡರು, ಓದಿ ಹೇಳಿದರು, ಸಹಿ ತೆಗೆದುಕೊಂಡರು, ಆಮೇಲೆ ಬೆರಳೆತ್ತಿ ಔಟ್ ಎಂದರು. ಎರಡನೆಯವಳು ಒಬ್ಬ ಹುಡುಗಿ. ಅವಳ ಹೇಳಿಕೆ: "ಬೌಲಿಂಗ್ ಮಾಡಿದ್ದು ನಮ್ಮ ಮ್ಯಾನೇಜರು. ಗಟ್ಟಿಯಾಗಿ ಒದೆಯಲು ಧೈರ್ಯ ಬರಲಿಲ್ಲ." ಅದನ್ನೂ ಒಂದಕ್ಷರ ಬಿಡದೆ ಬರೆದುಕೊಂಡರು! ವಿಚಿತ್ರವೆಂದರೆ ಯಾರಿಗೂ ಬೇಸರವಾದಂತೆ ಕಾಣಲಿಲ್ಲ. ಆ ಹುಡುಗಿ ಸಹಿ ಹಾಕಿ, "ಥ್ಯಾಂಕ್ಯೂ ಅಂಕಲ್" ಎಂದು ಹೋದಳು. ಆ ಗಾಜಿನ ಕಟ್ಟಡದಲ್ಲಿ ಯಾರೂ ಅವಳನ್ನು ಹಾಗೆ ನಿಂತು ಕೇಳಿರಲಿಲ್ಲವೇನೋ.

ಮೂರನೆಯವನು ಕಂಪನಿಯ ದೊಡ್ಡ ಸಾಹೇಬ. ಅಮೆರಿಕದ ಅತಿಥಿಗಳು ನೋಡುತ್ತಿದ್ದಾರೆ ಎಂದು ಜೋರಾಗಿ ಒದ್ದು, ಜೋರಾಗಿ ಓಡಿದ. ಎರಡನೆಯ ಠಾಣೆಗೆ ಮೂರು ಹೆಜ್ಜೆ ಇರುವಾಗ ಚೆಂಡು ಬೆನ್ನಿಗೆ ಬಿತ್ತು. ಧಪ್ಪೆಂದು!

"ಹೇಳಿಕೆ?" ಎಂದರು ಷಡ್ಡಕರು.

ಸಾಹೇಬನ ಮುಖ ಕೆಂಪಾಯಿತು. ಕಿಕ್‌ಬಾಲಿನಲ್ಲಿ ಇಂಥದೆಲ್ಲ ಇಲ್ಲ, ನಾನು ಅಮೆರಿಕದಲ್ಲೇ ಆರು ವರ್ಷ ಇದ್ದು ಬಂದವನು ಎಂದ. ಷಡ್ಡಕರು ಶಾಂತವಾಗಿ ಜೇಬಿನಿಂದ ದೃಢೀಕೃತ ಪ್ರತಿ ತೆಗೆದು ಕೊಟ್ಟರು. ಸಾಹೇಬ ಹದಿಮೂರನ್ನು ಓದಿದ. ಆಮೇಲೆ ಮೊಹರನ್ನು ಎಲ್ಲರಿಗೂ ಕೇಳುವ ಹಾಗೆ ಓದಿದ: "ಪಶುವೈದ್ಯರು!"

ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಿರಿಯಾನಿ ಬಡಿಸುವವರು ಸೌಟು ಹಿಡಿದೇ ನಕ್ಕರು, ಅಮೆರಿಕದವರು ಅರ್ಥವಾಗದೆಯೂ ನಕ್ಕರು. ನಾನೂ ನಕ್ಕೆ.

ಷಡ್ಡಕರು ಕಾಗದವನ್ನು ವಾಪಸು ತೆಗೆದುಕೊಂಡು ಒಮ್ಮೆ ನೋಡಿದರು. ಮತ್ತೆ ತಲೆಯೆತ್ತಿದರು. ಅಷ್ಟು ಜನರಲ್ಲಿ ಅವರ ಕಣ್ಣು ನೇರವಾಗಿ ನೀರಿನ ಡ್ರಮ್ಮಿನ ಮೇಲೆ, ಅದರ ಹಿಂದಿದ್ದ ನನ್ನ ಮೇಲೆ ಬಂದು ನಿಂತಿತು.

"ಇದನ್ನು ಯಾರು ಕೊಟ್ಟರು ನಿಮಗೆ?" ಸಾಹೇಬ ಕೇಳಿದ.

ನಾನು ಡ್ರಮ್ಮಿನ ಹಿಂದೆ ಇನ್ನಷ್ಟು ಕುಗ್ಗಿ ಕೂತೆ.

"ನಕಲು ಮಾಡಿಸಿದ್ದು ನಾನೇ. ತಪ್ಪು ನನ್ನದು," ಎಂದರು ಷಡ್ಡಕರು. ಪೀಪಿಯನ್ನು ಕೊರಳಿನಿಂದ ತೆಗೆದು ಅವನ ಕೈಗಿಟ್ಟರು.

"ಇವರನ್ನು ಕರೆತಂದವರು ಯಾರು?"

ಷಡ್ಡಕರು ನೆಲ ನೋಡಿದರು. ಅವರು ಹೆದರಿದ್ದು ಇದೊಂದೇ ಪ್ರಶ್ನೆಗೆ. ಆಗ ಮಗಳು ಸುಣ್ಣದ ಗೆರೆ ದಾಟಿ ಬಂದಳು. ಅಪ್ಪನ ಪಕ್ಕ ನಿಂತಳು. ಎಲ್ಲರಿಗೂ ಕೇಳುವ ಹಾಗೆ ತೆಲುಗಿನಲ್ಲಿ ಹೇಳಿದಳು: "ನಾನು, ಸರ್. ಇವರು ನಮ್ಮ ತಂದೆ. ಇವರು ಯಾರನ್ನೂ ಕೇಳದೆ ಔಟ್ ಮಾಡುವುದಿಲ್ಲ." ಆಮೇಲೆ ಕನ್ನಡದಲ್ಲಿ, ಅಪ್ಪನಿಗೆ ಮಾತ್ರ: "ಬರ್ರಿ ಅಪ್ಪಾ, ಊಟ ಮಾಡೂಣು." ತಲೆ ತಗ್ಗಿಸಲಿಲ್ಲ. ತಗ್ಗಿಸಿದವನು ಬೇರೆಯವನಿದ್ದ.

ಊಟವಾದ ಮೇಲೆ ಷಡ್ಡಕರು ಒಬ್ಬರೇ ನನ್ನ ಹತ್ತಿರ ಬಂದರು. ಪ್ಲಾಸ್ಟಿಕ್ ಕುರ್ಚಿ ಎಳೆದು ಕೂತು, ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತೆರೆದು, ಮೇಲೆ ನನ್ನ ಹೆಸರು ಬರೆದು, ಪೆನ್ನು ಹಿಡಿದು ಕಾದರು.

"ಹೇಳ್ರಿ ಮಾಸ್ತರ. ನಿಮ್ಮ ಮಾತ್ ಕೇಳದ ನಾ ಏನೂ ಬರಿಯೂದಿಲ್ಲ."

ಬಯ್ದಿದ್ದರೆ ಬಚಾವಾಗುತ್ತಿದ್ದೆ. ಬೈಗುಳಕ್ಕೆ ನನ್ನ ಹತ್ತಿರ ನೂರು ಜವಾಬು ತಯಾರಿರುತ್ತವೆ. ಇದಕ್ಕೆ ಒಂದೂ ಇರಲಿಲ್ಲ. ಚೇಷ್ಟೆ ಅನ್ನಲೇ? ನಿಮ್ಮ ಎರಡು ವರ್ಷದ ನೋವನ್ನು ಕೇಳಿಸಿಕೊಂಡ ಮೇಲೂ ನಗು ಬರುತ್ತಿತ್ತು ಅನ್ನಲೇ? ಅವರು ಬಹಳ ಹೊತ್ತು ಕಾದರು. ಕೊನೆಗೆ ನೋಟ್‌ಬುಕ್ಕು ಮಡಚಿ, ನನ್ನ ಮೊಣಕಾಲು ತಟ್ಟಿ ಎದ್ದರು.

"ಇರ್ಲಿ. ಟೈಮ್ ತೊಗೋರಿ. ಅವಸರಿಲ್ಲ."

ಅವರು ಆಮೇಲೆ ಎಂದೂ ಕೇಳಲಿಲ್ಲ. ಹಬ್ಬಕ್ಕೆ ಕರೆದರು, ನನಗೆ ಜ್ವರ ಬಂದಾಗ ಔಷಧಿ ಚೀಟಿಯನ್ನು ಪೂರ್ತಿ ಓದಿ ಗುಳಿಗೆ ಕೊಟ್ಟರು. ಆ ಹಾಳೆ ಮಾತ್ರ ನನ್ನ ಹೆಸರು ಹೊತ್ತು ಖಾಲಿ ಉಳಿಯಿತು. ಈಗ ಇದನ್ನು ಬರೆದಿದ್ದೇನೆ. ನೀವು ಪ್ರಬಂಧ ಅಂದುಕೊಳ್ಳಿ, ನಗು ಬಂದರೆ ನಕ್ಕುಬಿಡಿ. ನನ್ನ ಮಟ್ಟಿಗೆ ಇದು ಹೇಳಿಕೆ. ನಾಳೆ ಲಿಂಗಂಪಲ್ಲಿಗೆ ಹೋಗಿ ಅವರ ಕೈಗೆ ಕೊಡಬೇಕು, ಅವರು ಓದಿ ಹೇಳುತ್ತಾರೆ, ನಾನು ರುಜು ಹಾಕಬೇಕು.

ರುಜು ಹಾಕುವ ಮುಂಚೆ ಒಂದನ್ನು ತಿದ್ದಬೇಕು. ಇದರಲ್ಲಿ ಒಂದೇ ಒಂದು ಮಾತು ನಾನು ಕಟ್ಟಿದ್ದು. ಮೊಹರು ಓದಿದಾಗ ಇಡೀ ಮೈದಾನ ನಕ್ಕಿತು ಎಂದೆನಲ್ಲ, ಅದು. ಯಾರೂ ನಗಲಿಲ್ಲ. ಆ ದಪ್ಪನೆಯ ಹುಡುಗನೂ ನಗಲಿಲ್ಲ, ಬಡಿಸುವವರೂ ನಗಲಿಲ್ಲ, ಎಲ್ಲರೂ ಆ ಮುದುಕರ ಮುಖ ನೋಡಿ ಸುಮ್ಮನೆ ನಿಂತಿದ್ದರು. ನಕ್ಕವನು ನಾನೊಬ್ಬನೇ. ಆ ನಗು ಕೇಳಿಯೇ ಅವರು ಡ್ರಮ್ಮಿನ ಕಡೆ ತಿರುಗಿದ್ದು.